ಹಠಕ್ಕೊಂದು ಪೇಡೆ

ಭಾನುವಾರ ಸಂಜೆ ಬೆಲ್ ಆಯಿತು. ಬಾಗಿಲು ತೆರೆದರೆ ಪಕ್ಕದ ಫ್ಲ್ಯಾಟಿನ ಸುಮತಿ ಅಕ್ಕ, ಕೈಯಲ್ಲಿ ಪೇಡೆಯ ಬಾಕ್ಸ್. ನವಿ ಮುಂಬಯಿಯ ನಮ್ಮ ಐರೋಲಿಯಲ್ಲಿ ಪೇಡೆ ಬಂತೆಂದರೆ ಯಾರೋ ಪಾಸಾಗಿರಬೇಕು, ಇಲ್ಲವೇ ಯಾರಿಗೋ ಕೆಲಸ ಸಿಕ್ಕಿರಬೇಕು.

"ಎಂತ ವಿಶೇಷ ಅಕ್ಕ?"

"ನಮ್ಮ ತನ್ವಿ ಇವತ್ತು ಹಠ ಮಾಡಿದ್ಳು ಮಾರಾಯ್ರೆ!"

ಹಠಕ್ಕೆ ಪೇಡೆಯೇ? (ಆ ಲೆಕ್ಕದಲ್ಲಿ ನನ್ನ ಮಗ ನಮ್ಮನ್ನು ಎಂದೋ ದಿವಾಳಿ ಎಬ್ಬಿಸಿರುತ್ತಿದ್ದ.) ಬೆಳಿಗ್ಗೆ ಅವರ ಮನೆಯಿಂದ ಸೂರು ಹಾರಿಹೋಗುವಂಥ ಅಳು ಕೇಳಿ, ಸಂಡೆ ಹಾಳಾಯಿತೆಂದು ಗೊಣಗುತ್ತಾ ಕಿಟಕಿ ಮುಚ್ಚಿದವನು ನಾನು.

ಸುಮತಿ ಅಕ್ಕನ ತಂಗಿಯ ಮಗಳು ಅಶ್ವಿನಿ. ಗಂಡನ ಹೊಡೆತ ತಾಳಲಾರದೆ ಮಗಳು ತನ್ವಿಯನ್ನು ಕರೆದುಕೊಂಡು ಟಿಟ್ವಾಳಾದಿಂದ ಇಲ್ಲಿಗೆ ಬಂದು ಕೆಲವು ತಿಂಗಳಾದವು. "ಸ್ವಲ್ಪ ಹೊಂದಿಕೊಂಡು ಹೋಗಬಹುದಿತ್ತಲ್ಲ?" ಎಂದ ನೆಂಟರಿಗೆ ಅಕ್ಕ ಬಾಗಿಲು ತೋರಿಸಿದ್ದರು.

ಆರು ವರ್ಷದ ತನ್ವಿ ಯಾರಲ್ಲೂ ಏನನ್ನೂ ಕೇಳುತ್ತಿರಲಿಲ್ಲ. ಕೊಟ್ಟದ್ದನ್ನು ತಿನ್ನುತ್ತಿದ್ದಳು. ಅತ್ತರೂ ಸದ್ದೇ ಇಲ್ಲ. "ಎಷ್ಟು ಒಳ್ಳೆಯ ಮಗು!" ಎಂದು ನಾನೊಮ್ಮೆ ಹೊಗಳಿದ್ದೆ.

"ಅದು ಒಳ್ಳೆತನ ಅಲ್ಲ, ಹೆದರಿಕೆ" ಎಂದಿದ್ದರು ಅಕ್ಕ.

ಆ ಹೆದರಿಕೆ ಬಿಡಿಸಲೆಂದು ಇಡೀ ಮನೆಯೇ ಬದಲಾಯಿತು. ಶನಿವಾರ ಕೌನ್ಸೆಲರ್ ಬಳಿ ಹೋಗುವುದಂತೂ ಸರಿ. ಮಿಕ್ಸಿ ಹಾಕುವ ಮೊದಲು ಅಕ್ಕ, "ತನ್ವಿ, ಈಗ ಜೋರು ಸದ್ದು ಬರ್ತದೆ" ಎಂದು ಹೇಳಬೇಕು. ಅವರ ಗಂಡ ರಾಘವಣ್ಣ, ಠಾಣೆ ನಗರದ ತಮ್ಮ ಹೋಟೆಲಿನಲ್ಲಿ ಗುಡುಗುವ ಮನುಷ್ಯ, ಈಗ ಬಾಗಿಲ ಹೊರಗೇ ನಿಂತು "ನಾನು ಪುಟ್ಟಿ, ಅಜ್ಜ" ಎಂದು ಮೆಲ್ಲಗೆ ಕೂಗಿ, ಆಮೇಲೆ ಕೀ ತಿರುಗಿಸುತ್ತಾರೆ.

ಅಂದು ಬೆಳಿಗ್ಗೆ ನಡೆದದ್ದನ್ನು ಅಕ್ಕ ಬಾಗಿಲಲ್ಲೇ ನಿಂತು ಹೇಳಿದರು. "ಉಪ್ಪಿಟ್ಟು ನಹೀ ಚಾಹಿಯೇ!" ಎಂದು ತನ್ವಿ ತಟ್ಟೆ ತಳ್ಳಿದಳಂತೆ. ತಟ್ಟೆ ನೆಲಕ್ಕೆ ಬಿತ್ತು. ಅಶ್ವಿನಿಯ ಮುಖ ಬಿಳಿಚಿಕೊಂಡಿತು. ಮಗು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಿತು.

ರಾಘವಣ್ಣ ನೆಲದಲ್ಲಿ ಕೂತು ಉಪ್ಪಿಟ್ಟು ಬಳಿದು ತೆಗೆಯುತ್ತಾ ಕೇಳಿದರಂತೆ, "ಬೇಡ್ವಾ ಪುಟ್ಟಿ? ಆಯ್ತು. ಮತ್ತೆಂತ ಬೇಕು?"

ಹೊಡೆತ ಬೀಳಲಿಲ್ಲ. ತನ್ವಿ ನಿಧಾನವಾಗಿ ಕೈ ಇಳಿಸಿದಳು. ಆಮೇಲೆ ಶುರುವಾಯಿತು ನೋಡಿ ಅಳು, ಸಂಜೆ ಚಾಟ್ ಗಾಡಿಯಲ್ಲಿ ಸಿಗುವ ಶೇವಪುರಿಯೇ ಬೇಕೆಂದು!

"ಬೆಳಿಗ್ಗೆ ಬೆಳಿಗ್ಗೆ ಶೇವಪುರಿ ಎಲ್ಲಿಂದ ತರೋದು ಹೇಳಿ?" ಅಕ್ಕ ನಗುತ್ತಿದ್ದರು, ಕಣ್ಣು ತುಂಬಿತ್ತು. ಎಲ್ಲವೂ ಸರಿಹೋಗಿದೆ ಎಂದೇನಲ್ಲ. ಮಗು ಈಗಲೂ ನಿದ್ದೆಯಲ್ಲಿ ಬೆಚ್ಚುತ್ತದೆ. ಆದರೆ ಒಂದು ಅಳುವಿಗಾಗಿ ಇಷ್ಟು ತಾಳ್ಮೆಯಿಂದ ಕಾದ ಮನೆಯನ್ನು ನಾನು ಬೇರೆ ಕಂಡಿಲ್ಲ. ಕೈಮುಗಿಯಬೇಕೆನಿಸಿತು.

ಮುಗಿಯುವ ಬದಲು ಕೈ ಎರಡನೇ ಪೇಡೆಗೆ ಹೋಯಿತು. ಅಕ್ಕನ ಹಿಂದಿನಿಂದ ಒಂದು ಪುಟ್ಟ ಮುಖ ಇಣುಕಿತು.

"ಅಂಕಲ್, ಏಕ್ ಹೀ ಲೇನಾ!"

ಅಕ್ಷರಶಃ ಗದರಿಸಿದಳು. ಒಂದೇ ತೆಗೆದುಕೊಂಡೆ. ಅಷ್ಟು ರುಚಿಯ ಪೇಡೆಯನ್ನು ನಾನು ತಿಂದಿರಲಿಲ್ಲ.

ಅಂದ ಹಾಗೆ, ನಿಮ್ಮ ಮನೆಯ ಮಗು ನಿಮ್ಮೆದುರು ಹಠ ಮಾಡುತ್ತದೆ ತಾನೆ?