ಬಿಚ್ಚಣ್ಣನ ಇಟ್ಟಿಗೆ ಮನೆ

ಕಟ್ಟುವ ಬಡಗಿಗಳು ಎಲ್ಲ ಊರಲ್ಲೂ ಇರುತ್ತಾರೆ. ನಮ್ಮ ಮಾವನಿಗೆ ಹೆಸರು ಬಂದದ್ದು ಬಿಚ್ಚುವುದರಿಂದ. ಊರವರಿಗೆ ಅವರು ಬಿಚ್ಚಣ್ಣ. ಅಂಚೆಯವನೂ ಹಾಗೇ ಕೂಗುತ್ತಾನೆ. ಹೊಸದಾಗಿ ಮದುವೆಯಾಗಿ ಬಂದಾಗ ಆ ಹೆಸರು ಕೇಳಿ ನನಗೆ ನಗು ತಡೆಯಲಾಗುತ್ತಿರಲಿಲ್ಲ. ನದಿಯನ್ನು ಹತ್ತಿರದಿಂದ ನೋಡಿದ ಮೇಲೆ ನಗು ನಿಂತಿತು.

ನಮ್ಮ ಊರಿನ ಬಳಿ ನದಿ ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿನ ಹೊರಮಗ್ಗುಲಲ್ಲಿ ನಾವಿದ್ದೇವೆ. ನೀರು ನೇರ ಬಂದು ನಮ್ಮ ದಡಕ್ಕೇ ಗುದ್ದಿ, ವರ್ಷ ವರ್ಷ ಒಂದಿಷ್ಟು ಮಣ್ಣು ಕಿತ್ತುಕೊಂಡು ಹೋಗಿ ಕೆಳಗಿನ ತಿರುವಿನಲ್ಲಿ ಗುಡ್ಡೆ ಹಾಕುತ್ತದೆ. ಅಲ್ಲಿನವರು ಅದರ ಮೇಲೆ ಕಲ್ಲಂಗಡಿ ಬೆಳೆಯುತ್ತಾರೆ. "ನನ್ನ ಮೊದಲನೇ ಅಡುಗೆಮನೆ ಅಲ್ಲಿದೆ ನೋಡು, ಕಾಯಿ ಬಿಟ್ಟಿದೆ" ಎಂದು ಅತ್ತೆ ಕೈ ಚಾಚಿ ತೋರಿಸುತ್ತಿದ್ದರು. ಹಳೆಯ ಶಾಲೆ, ಹಿಟ್ಟಿನ ಗಿರಣಿ, ಮಾವ ಹುಟ್ಟಿದ ಬೀದಿ, ಎಲ್ಲ ಈಗ ನೀರಿನ ನಡುವೆ. ಊರಿನ ಇತಿಹಾಸ ಕೇಳಿದರೆ ಹಿರಿಯರು ಹೊಳೆಯ ಕಡೆ ಬೆರಳು ಮಾಡುತ್ತಾರೆ.

ಅದಕ್ಕೇ ನಮ್ಮಲ್ಲಿ ಮನೆಗೆ ಮೊಳೆ ಹೊಡೆಯುವುದಿಲ್ಲ. ಹಲಗೆ ಗೋಡೆ, ಮರದ ತೊಲೆ, ಎಲ್ಲವನ್ನೂ ಮರದ ಬೆಣೆಗಳಿಂದ ಬಿಗಿದಿರುತ್ತಾರೆ. ನೀರು ಹತ್ತಿರ ಬಂತೆಂದರೆ ಬೆಣೆ ತಟ್ಟಿ ತೆಗೆದು, ಮನೆಯನ್ನು ಹೊತ್ತುಕೊಂಡು ಹಿಂದಕ್ಕೆ ಸರಿದು ಮತ್ತೆ ನಿಲ್ಲಿಸಬೇಕು. ಅದು ಮಾವನ ಕೆಲಸ. ಛಾವಣಿಯಿಂದ ಶುರು ಮಾಡಿ ಬಾಗಿಲುವಾಡವನ್ನು ಕಟ್ಟಕಡೆಗೆ ತೆಗೆಯುತ್ತಿದ್ದರು. ಹೊಸ ಜಾಗದಲ್ಲಿ ಮೊದಲು ನಿಲ್ಲಿಸುವುದೂ ಅದನ್ನೇ. "ಬಾಗಿಲು ನಿಂತಿರೋ ತನಕ ಅದು ಮನೆ. ಆಮೇಲೆ ಬರೀ ಸೌದೆ" ಎನ್ನುತ್ತಿದ್ದರು.

ನನ್ನ ಗಂಡ ಶಾಲೆಯಲ್ಲಿ ಭಾಷೆ ಕಲಿಸುವ ಮೇಷ್ಟ್ರು. ಅವರು ಪಾಠ ಮಾಡುವ ಪದ್ಯಗಳಲ್ಲೆಲ್ಲ ನದಿ ತಾಯಿಯೇ. ಒಂದು ಸಂಜೆ ಮಕ್ಕಳ ಪ್ರಬಂಧ ತಿದ್ದುತ್ತಾ, ನದಿಯ ಮಡಿಲಲ್ಲಿ ಊರುಗಳು ಹುಟ್ಟಿದವು ಎಂಬ ಸಾಲನ್ನು ಮೆಚ್ಚಿ ಗಟ್ಟಿಯಾಗಿ ಓದಿದರು. ಅತ್ತೆ ಪಾತ್ರೆ ಒರೆಸುತ್ತಾ, "ಆಮೇಲೆ ಆ ಊರುಗಳೆಲ್ಲ ಎಲ್ಲಿಗೆ ಹೋದ್ವು ಅಂತಾನೂ ಬರೆಸಪ್ಪ" ಎಂದರು. ಮಾವ ನಕ್ಕರು. ಅತ್ತೆ ನಗಲಿಲ್ಲ.

ಅತ್ತೆಗೆ ಸಾಕುಸಾಕಾಗಿತ್ತು. ಬಸುರಿಯಾಗಿದ್ದಾಗ ಒಮ್ಮೆ, ಬಾಣಂತಿಯಾಗಿದ್ದಾಗ ಒಮ್ಮೆ, ಜ್ವರ ಬಂದು ಮಲಗಿದ್ದಾಗ ಮಂಚದ ಸಮೇತ ಒಮ್ಮೆ, ಹೀಗೆ ಜೀವನವಿಡೀ ಗಂಟುಮೂಟೆ ಕಟ್ಟಿದವರು. ಮಗನ ಮದುವೆ ಗೊತ್ತಾದಾಗ ಹಟ ಹಿಡಿದರಂತೆ. "ನಂಗೆ ಇಟ್ಟಿಗೆ ಮನೆ ಬೇಕು. ಒಂದ್ಸಲ ಗೋಡೆಗೆ ಮೊಳೆ ಹೊಡೆದು ನಮ್ಮಪ್ಪನ ಫೋಟೋ ಹಾಕ್ಬೇಕು. ಮತ್ತೆ ಅದನ್ನ ಕೀಳ್ಬಾರ್ದು." ಮಾವ ಎಲ್ಲರ ಮನೆಗಳಿಗಿಂತ ಬಹಳ ಹಿಂದಕ್ಕೆ, ನದಿಯಿಂದ ದೂರ, ಜಾಗ ಹುಡುಕಿ ಇಟ್ಟಿಗೆ, ಸಿಮೆಂಟಿನ ಮನೆ ಕಟ್ಟಿಸಿದರು. "ಇದೇ ಕೊನೇದು. ಇನ್ನು ನಿನ್ನ ಎಲ್ಲಿಗೂ ಹೊರಡಿಸಲ್ಲ" ಎಂದು ಮಾತು ಕೊಟ್ಟರು.

ನಾನು ಬಂದಾಗ ಹಿತ್ತಲ ಆಚೆ ಬೇರೆಯವರ ಮನೆಗಳು ಸಾಲಾಗಿದ್ದವು, ನದಿ ಕಾಣುತ್ತಲೇ ಇರಲಿಲ್ಲ. ಆ ಮನೆಗಳನ್ನು ಮಾವನೇ ಒಂದೊಂದಾಗಿ ಬಿಚ್ಚಿದರು. ಒಂದು ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದರೆ ಎದುರಿಗೆ ನೀರು.

ಹಿತ್ತಲ ಗೋಡೆಯಿಂದ ದಡದ ಹತ್ತಿರದ ಕಂಬಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿತ್ತು. ದಡ ಕುಸಿದ ಹಾಗೆಲ್ಲ ಮಾವ ಕಂಬ ಕಿತ್ತು ಈಚೆಗೆ ನೆಡುತ್ತಿದ್ದರು. ಮನೆಯಲ್ಲಿ ಯಾರೂ ನದಿಯ ಮಾತೆತ್ತುವಂತಿರಲಿಲ್ಲ. "ಹಗ್ಗ ಗಿಡ್ಡ ಆಯ್ತಲ್ಲ ಅತ್ತೆ" ಎಂದು ನಾನೇ ಮೆಲ್ಲಗೆ ಶುರು ಮಾಡಿದರೆ, "ಬಟ್ಟೆ ಜಾಸ್ತಿ ಆಯ್ತು" ಎಂದು ಬಾಯಿ ಮುಚ್ಚಿಸುತ್ತಿದ್ದರು. ನಾನು ಮೊದಲೇ ಪುಕ್ಕಲಿ. ಮಣ್ಣು ಕುಸಿಯುವ ಸದ್ದು ದೊಡ್ಡದೇನಲ್ಲ. ದಪ್ಪ ಮನುಷ್ಯ ಹಾಸಿಗೆಯ ಮೇಲೆ ಕೂತ ಹಾಗೆ, ಧಪ್ ಎನ್ನುತ್ತದೆ. ಒಲೆಯ ಮುಂದೆ ನಿಂತಿದ್ದರೂ ನನ್ನ ಕಿವಿ ಹೊರಗೇ ಇರುತ್ತಿತ್ತು. ಹಾಲು ಉಕ್ಕಿ ಹೋದದ್ದಕ್ಕೆ ಲೆಕ್ಕವಿಲ್ಲ.

"ನೀವಾದ್ರೂ ಹೇಳಿ ಮಾವ" ಎಂದೆ ಒಮ್ಮೆ.

"ಯಾವ ಬಾಯಲ್ಲಿ ಹೇಳ್ಲಮ್ಮ?" ಎಂದರು. ಊರಿಗೆಲ್ಲ ಹೊರಡುವ ಹೊತ್ತಾಯಿತು ಎಂದು ಹೇಳುವ ಮನುಷ್ಯ ಸ್ವಂತ ಹೆಂಡತಿಯ ಮುಂದೆ ಮೂಗನಾಗಿದ್ದರು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಇವರ ಮಾತು ಉಳಿಸಲು ನಾವೆಲ್ಲ ಹೊಳೆ ಪಾಲಾಗಬೇಕೇ?

ಒಂದು ಮಧ್ಯಾಹ್ನ ಹಾಸಿಗೆ ಹೊದಿಕೆ ಹರವಿ ಎರಡು ಹೆಜ್ಜೆ ಈಚೆ ಬಂದಿದ್ದೆ. ಧಪ್. ತಿರುಗಿ ನೋಡಿದರೆ ಕಂಬವಿಲ್ಲ. ಹಗ್ಗ ಸರ್ರನೆ ಎಳೆದು ಗೋಡೆಯ ಕೊಕ್ಕೆಯನ್ನೇ ಕಿತ್ತುಕೊಂಡು ಹೋಯಿತು. ಹೊದಿಕೆ ನೀರಿನ ಮೇಲೆ ಅಗಲವಾಗಿ ತೇಲುತ್ತಿತ್ತು. ಒಳಗೆ ಓಡಿದೆ. ಅಡುಗೆಮನೆಯಲ್ಲಿ ಅತ್ತೆ ನೆಲಕ್ಕೆ ಚಾಪೆ ಹಾಸುತ್ತಿದ್ದರು. ಆ ಹೊತ್ತಿನಲ್ಲಿ ಅಲ್ಲಿ ಯಾರಾದರೂ ಚಾಪೆ ಹಾಸುತ್ತಾರೆಯೇ? ಎಳೆದು ನೋಡಿದೆ. ಗೋಡೆಯಿಂದ ಗೋಡೆಗೆ ಬಿರುಕು, ನನ್ನ ಬೆರಳು ತೂರುವಷ್ಟು.

"ಯಾವಾಗಿಂದ ಅತ್ತೆ?"

"ನಿನ್ ಕೆಲಸ ನೋಡ್ಕೋ" ಎಂದು ಚಾಪೆ ಕಸಿದುಕೊಂಡು ಮತ್ತೆ ಹಾಸಿದರು.

ನಾನು ಓಡಿಹೋಗಿ ಮಾವನನ್ನು ಕರೆತಂದೆ. ಗಂಡನಿಗೂ ಶಾಲೆಗೆ ಹೇಳಿಕಳಿಸಿದೆ. ಮಾವ ಉಳಿ, ಕೊಡತಿ ಹಿಡಿದು ಬರುವಷ್ಟರಲ್ಲಿ ಅತ್ತೆ ಮುಂಬಾಗಿಲ ಹೊಸ್ತಿಲ ಮೇಲೆ, ಬಾಗಿಲುವಾಡಕ್ಕೆ ಬೆನ್ನು ಒತ್ತಿ ಕೂತಿದ್ದರು.

"ಎಬ್ಬಿಸಿ ನೋಡೋಣ" ಎಂದರು. "ಇಟ್ಟಿಗೆ ಮನೇನ ಹೇಗೆ ಬಿಚ್ತೀರಿ?"

ಮಾವ ಅತ್ತೆಯ ಪಕ್ಕ ಮೊಣಕಾಲೂರಿ, ಬಾಗಿಲುವಾಡದ ಬುಡದ ಗಾರೆಗೆ ಉಳಿ ಇಟ್ಟು ಮೆಲ್ಲಗೆ ಬಡಿದರು. ಗಾರೆ ಹಪ್ಪಳದ ಹಾಗೆ ಎದ್ದು ಬಂತು. ಒಳಗೆ ಸಿಮೆಂಟು ಇರಲಿಲ್ಲ. ಬೆಣೆ ಇತ್ತು. ಆಚೆ ಬದಿಯಲ್ಲೂ ಬೆಣೆ. ಇಡೀ ಮನೆಯಲ್ಲಿ ಆ ಬಾಗಿಲೊಂದನ್ನು ಅವರು ಬಿಚ್ಚಲು ಬರುವ ಹಾಗೆ ಕೂರಿಸಿ, ಮೇಲೆ ತೆಳ್ಳಗೆ ಗಾರೆ ಬಳಿದಿದ್ದರು.

ಅತ್ತೆ ಬೆಣೆಯನ್ನು ಮುಟ್ಟಿ ನೋಡಿದರು. "ಅಂದ್ರೆ ಕಟ್ಟುವಾಗ್ಲೇ ಗೊತ್ತಿತ್ತು ನಿಮ್ಗೆ."

"ಗೊತ್ತಿರ್ಲಿಲ್ಲ ಕಣೇ. ಭಯ ಇತ್ತು."

"ಮತ್ತೆ ಕೊನೇದು ಅಂದ್ರಲ್ಲ?"

"ನೀನೊಬ್ಳಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡ್ಲಿ ಅಂತ."

"ನಾನೆಲ್ಲಿ ನಿದ್ದೆ ಮಾಡಿದೆ?" ಎಂದರು ಅತ್ತೆ. "ನೀವು ಮಗ್ಗುಲು ಬದಲಾಯಿಸೋದನ್ನ ಕೇಳ್ತಾ ಬಿದ್ಕೊಂಡಿರ್ತಿದ್ದೆ. ನಿಮ್ಮ ಮಾತು ಸುಳ್ಳಾಗ್ಬಾರ್ದು ಅಂತ ಚಾಪೆ ಹಾಸ್ತಿದ್ದೆ."

ಹಿತ್ತಲ ಕಡೆ ಮತ್ತೆ ಧಪ್ ಎಂದಿತು. ಈ ಸಲ ನಮ್ಮ ಕಾಲ ಕೆಳಗಿನ ನೆಲವೇ ಅದುರಿತು. ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ಅತ್ತೆ ಎದ್ದರು. ಒಳಗೆ ಹೋಗಿ ಅಪ್ಪನ ಫೋಟೋ ತೆಗೆದುಕೊಂಡು ಬಂದು ನನ್ನ ಕೈಗೆ ಕೊಟ್ಟರು. "ಮೊಳೆ ಅಲ್ಲೇ ಇರ್ಲಿ" ಎಂದವರೇ ಮಾವನ ಕೈಯಿಂದ ಕೊಡತಿ ಕಿತ್ತುಕೊಂಡು ಬೆಣೆಗೆ ಬಡಿದರು. ಮೊದಲನೆಯದು ಹಾರಿ ಅಂಗಳಕ್ಕೆ ಬಿತ್ತು.

ಅಷ್ಟರಲ್ಲಿ ನನ್ನ ಗಂಡ ಓಡೋಡಿ ಬಂದರು. ಹಾಸಿಗೆ, ಪಾತ್ರೆ, ಕೈಗೆ ಸಿಕ್ಕಿದ್ದನ್ನೆಲ್ಲ ಸಾಗಿಸಿ, ಬಾಗಿಲುವಾಡಕ್ಕೆ ನಾಲ್ವರೂ ಹೆಗಲು ಕೊಟ್ಟೆವು. ಶಾಲೆಯ ಹಿಂದಿನ ಬಯಲು ತಲುಪಿದಾಗ ಇನ್ನೂ ಬಿಸಿಲಿತ್ತು. ಮನೆ ಹೊಳೆಗೆ ಕುಸಿದ ಸದ್ದು ಅಲ್ಲಿಗೇ ಕೇಳಿತು. ಯಾರೂ ಹಿಂತಿರುಗಿ ನೋಡಲಿಲ್ಲ. ನೋಡಲು ನನಗಂತೂ ಧೈರ್ಯವಿರಲಿಲ್ಲ.

ಮಾವ ಬಯಲಿನ ನಡುವೆ ಗುಂಡಿ ತೋಡಿ ಬಾಗಿಲುವಾಡ ನಿಲ್ಲಿಸಿದರು, ಬಾಗಿಲು ತೂಗುಹಾಕಿದರು. ಸುತ್ತ ಗೋಡೆಯಿಲ್ಲ, ಮೇಲೆ ಸೂರಿಲ್ಲ. ಅತ್ತೆ ಹತ್ತಿರ ಬಂದು ನಿಂತರು.

"ಕೊನೇದು ಅಂತ ಈ ಸಲ ಹೇಳ್ಬೇಡಿ."

"ಹೇಳಲ್ಲ" ಎಂದರು ಮಾವ.

ಪಕ್ಕದಿಂದ ಎಷ್ಟು ಬೇಕಾದರೂ ಸುತ್ತಿ ಬರಬಹುದಿತ್ತು. ಅತ್ತೆ ಹೊಸ್ತಿಲು ದಾಟಿಯೇ ಆಚೆ ಹೋದರು. ಬರಿ ನೆಲದ ಮೇಲೆ ಚಾಪೆ ಹಾಸಿ ಕೂತು, ಮಾವನ ಕಡೆ ತಿರುಗಿದರು.

"ಅಲ್ಲೇ ನಿಂತ್ಕೊಂಡು ಏನ್ಮಾಡ್ತಿದ್ದೀರಿ? ಬಾಗಿಲು ಹಾಕ್ಕೊಂಡು ಒಳಗೆ ಬನ್ನಿ, ಗಾಳಿ ಬರ್ತಿದೆ."