ಸ್ಯಾಂಪಲ್ ಫೋಟೋಗಳ ನಡುವೆ ನನ್ನ ಹೊಟ್ಟೆ

ಮೊದಲು ಕಂಡದ್ದು ರಕ್ತ.

ಬೆಳಗಿನ ಹೊತ್ತು, ಪಾಯಖಾನೆಯಲ್ಲಿ. ಹೆಚ್ಚೇನಿರಲಿಲ್ಲ. ಉಷ್ಣ ಆಗಿರಬೇಕು ಎಂದುಕೊಂಡು ನೀರು ಸುರಿದು ಹೊರಗೆ ಬಂದೆ. ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವವನಿಗೆ ಬೇಸಿಗೆಯಲ್ಲಿ ಉಷ್ಣವಾಗುವುದು ಹೊಸದಲ್ಲ. ಮಜ್ಜಿಗೆ ಕುಡಿದೆ, ಗಂಜಿ ಕುಡಿದೆ, ಮೆಣಸಿನಕಾಯಿ ಬಿಟ್ಟೆ. ರಕ್ತ ನನ್ನನ್ನು ಬಿಡಲಿಲ್ಲ. ಹೆಂಡತಿ ಗಿರಿಜಾಳಿಗೆ ಹೇಳಲಿಲ್ಲ. ಆ ಜಾಗದ ಮಾತನ್ನು ಯಾರ ಹತ್ತಿರವೂ ಆಡಿ ನನಗೆ ಗೊತ್ತಿಲ್ಲ.

ಕೊನೆಗೆ ಹೇಳಿದ್ದು ನನ್ನ ಧೋತರ. ಒಗೆಯಲು ತೆಗೆದುಕೊಂಡ ಗಿರಿಜಾ ಅದನ್ನು ಕೈಯಲ್ಲಿ ಹಿಡಿದೇ ಪಡಸಾಲೆಗೆ ಬಂದಳು.

"ಇದೇನ್ರೀ ಇದು?"

"ಮೂಲವ್ಯಾಧಿ. ಬಾಯಿ ಮುಚ್ಚು. ಓಣಿಗೆಲ್ಲಾ ಡಂಗುರ ಹೊಡೀಬ್ಯಾಡ."

ಅವಳು ಬಾಯಿ ಮುಚ್ಚಿದಳು, ಆದರೆ ಫೋನು ತೆಗೆದಳು. ಸಂಜೆಯ ಹೊತ್ತಿಗೆ ರಾಯಚೂರಿನಿಂದ ಮಗಳು ವಿದ್ಯಾ ಬಂದಿಳಿದಳು. ಯರಗೇರಾದ ವಿಶ್ವವಿದ್ಯಾಲಯದಲ್ಲಿ ಅವಳು ಅತಿಥಿ ಉಪನ್ಯಾಸಕಿ. ಗಂಡನ ಮನೆ ರಾಯಚೂರಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮರುದಿನವೇ ನನ್ನನ್ನು ರಾಯಚೂರಿಗೆ ಕರೆದುಕೊಂಡು ಹೋದಳು. ಕೊಲೊನೋಸ್ಕೋಪಿ ಆಯಿತು. ಬಯಾಪ್ಸಿ ಆಯಿತು. ಡಾಕ್ಟರು ವಿದ್ಯಾಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವಳು ನನ್ನ ಕಡೆ ನೋಡಲಿಲ್ಲ.

ಕ್ಯಾನ್ಸರ್. ಗುದದ್ವಾರದ ಹತ್ತಿರ.

ಸಾವಿನ ಭಯ ಆಮೇಲೆ ಬಂತು. ಮೊದಲು ಬಂದದ್ದು ನಾಚಿಕೆ. ಎದೆಗೋ ಗಂಟಲಿಗೋ ಬಂದಿದ್ದರೆ ಊರಿಗೆ ಹೇಳಬಹುದಿತ್ತು. ಇದನ್ನು ಯಾವ ಬಾಯಿಂದ ಹೇಳಲಿ? ಬಂಧುಗಳು ಕೇಳಿದರೆ 'ಹೊಟ್ಟೆಯಲ್ಲಿ ಸಣ್ಣ ಗಡ್ಡೆ' ಎನ್ನಬೇಕೆಂದು ಮನೆಯಲ್ಲಿ ತಾಕೀತು ಮಾಡಿದೆ.

ಹೈದರಾಬಾದಿನಲ್ಲಿ ಮೊದಲು ಕರೆಂಟು ಕೊಟ್ಟರು. ನಮ್ಮ ಕಡೆ ರೇಡಿಯೇಷನ್ನಿಗೆ ಹಾಗೇ ಅನ್ನುತ್ತಾರೆ. ಆಮೇಲೆ ಆಪರೇಷನ್. ಎಚ್ಚರವಾದಾಗ ಹೊಟ್ಟೆಯ ಎಡಗಡೆ ಒಂದು ಚೀಲ ಅಂಟಿಕೊಂಡಿತ್ತು. ಕೆಳಗಿನ ದಾರಿಯನ್ನು ಪೂರ್ತಿ ಮುಚ್ಚಿ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದಿದ್ದರು. ಅದಕ್ಕೆ ಸ್ಟೋಮಾ ಎಂದು ಹೆಸರು. ಇನ್ನು ಜೀವ ಇರುವತನಕ ಮಲ ಬರುವುದು ಅಲ್ಲಿಂದಲೇ, ತುಂಬುವುದು ಈ ಚೀಲವೇ. ಜೀವಮಾನವಿಡೀ ಚೀಲ ತುಂಬಿಸಿ ಲಾರಿಗೆ ಹಾಕಿದವನಿಗೆ ದೇವರು ಕೊಟ್ಟ ಬಡ್ತಿ ಇದು ಎಂದು ಗಿರಿಜಾಳಿಗೆ ಹೇಳಿದೆ. ಅವಳು ನಗಲಿಲ್ಲ.

ಅಲ್ಲಿಯ ನರ್ಸಮ್ಮ ಚೀಲ ಬದಲಿಸುವುದನ್ನು ಕಲಿಸಿದಳು. ಸ್ಟೋಮಾ ಕೆಂಪಗೆ, ತೇವವಾಗಿ ಇರಬೇಕು. ಕಪ್ಪಾದರೆ, ಪಕ್ಕದಲ್ಲಿ ಉಬ್ಬಿದರೆ ತಕ್ಷಣ ತಿಳಿಸಬೇಕು. ದಿನಾ ಒಂದು ಫೋಟೋ ತೆಗೆದಿಡಿ ಎಂದಳು. ವಿದ್ಯಾ ನನ್ನ ಫೋನಿನಲ್ಲಿ 'ಅಪ್ಪಾಜಿ' ಎಂದು ಒಂದು ಫೋಲ್ಡರು ಮಾಡಿದಳು. ರಿಪೋರ್ಟು, ಸ್ಕ್ಯಾನು, ಡಿಸ್ಚಾರ್ಜ್ ಸಮ್ಮರಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಅದರಲ್ಲಿ ಹಾಕಿದಳು.

"ಇದು ಕ್ಲೌಡಿನ್ಯಾಗ ಇರತದ ಯಪ್ಪಾ. ನೀ ಇಲ್ಲಿ ಫೋಟೋ ಹಾಕಿದ್ರ ಅಲ್ಲಿ ನರ್ಸಮ್ಮನಿಗೆ ಕಾಣ್ತದ. ಫೋನು ಕಳದ್ರೂ ಕಾಗದ ಹರದ್ರೂ ಇದು ಎಲ್ಲೀನೂ ಹೋಗಂಗಿಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನನ್ನ ಹೊಟ್ಟೆಯ ಹುಣ್ಣಿಗೆ ಮಾತ್ರ ಆಕಾಶದಲ್ಲೊಂದು ಕಪಾಟು ಬೇಕಾಯಿತು.

ಮಾನ್ವಿಗೆ ಬಂದ ಮೇಲೆ ದಿನಾ ಬೆಳಿಗ್ಗೆ ಕೋಣೆ ಸೇರಿ ಚಿಲಕ ಹಾಕಿಕೊಂಡು ಫೋಟೋ ತೆಗೆಯುತ್ತಿದ್ದೆ. ಚೀಲ ತಿಳಿ ಪ್ಲಾಸ್ಟಿಕ್ಕಿನದು, ಒಳಗಿನದು ಕಾಣುತ್ತಿತ್ತು. ಗಿರಣಿಗೆ ಹೋಗುವುದನ್ನು ಬಿಟ್ಟೆ. ಮಂದಿಯ ನಡುವೆ ಕೂತಾಗ ಅದು ಸದ್ದು ಮಾಡಿದರೆ? ವಾಸನೆ ಬಂದರೆ? ಲಿಂಗಪೂಜೆಯನ್ನೂ ಬಿಟ್ಟೆ. ಹೊಟ್ಟೆಯ ಮೇಲೆ ಮಲ ಕಟ್ಟಿಕೊಂಡು ಅಂಗೈಯಲ್ಲಿ ಲಿಂಗ ಹಿಡಿಯುವುದು ಹೇಗೆ? ಇದನ್ನು ಬಾಯಿಬಿಟ್ಟು ಹೇಳಿದಾಗ ಗಿರಿಜಾ ರೇಗಿದಳು.

"ಲಿಂಗ ಕಟ್ಟಿದವರಿಗೆ ಮೈಲಿಗಿ ಇಲ್ಲಂತ ಊರಿಗೆಲ್ಲಾ ಹೇಳವ್ರು ನೀವ. ಮೊದ್ಲೇನು ಹೊಟ್ಟ್ಯಾಗ ವಿಭೂತಿ ತುಂಬಿಕೊಂಡಿದ್ರೇನು?"

ಅವಳ ಮಾತು ಸರಿಯೇ. ಆದರೂ ಕೈ ಮುಂದಾಗಲಿಲ್ಲ.

ಹೀಗಿರುವಾಗ ದೇವದುರ್ಗದಿಂದ ಹನುಮಂತಪ್ಪನ ಫೋನು ಬಂತು. ಅಲ್ಲಿಯ ಹಳ್ಳಿಗಳಲ್ಲಿ ನಮ್ಮ ಗಿರಣಿಗೆ ಭತ್ತ ಖರೀದಿ ಮಾಡಿಕೊಡುವ ಏಜೆಂಟ್ ಅವನು.

"ಶರಣ್ರೀ ಸಾವ್ಕಾರ್ರ. ಆರಾಮ ಅದೀರಿಲ್ರೀ? ಅಲ್ರೀ, ಭತ್ತದ ಫೋಟೋದಾಗ ಇದೇನೋ ಕೆಂಪನ್ನ ಮಾಲು ದಿನಾ ಬರಾಕತ್ತದಲ್ಲ. ಟೊಮ್ಯಾಟಿ ವ್ಯಾಪಾರಾನೂ ಸುರು ಮಾಡೀರೇನು?"

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ನಮ್ಮ ವ್ಯಾಪಾರದ ಪದ್ಧತಿಯೇ ನನಗೆ ಮುಳುವಾಗಿತ್ತು. ಈಗ ಯಾರೂ ಭತ್ತದ ಸ್ಯಾಂಪಲನ್ನು ರುಮಾಲಿನ ತುದಿಯಲ್ಲಿ ಕಟ್ಟಿಕೊಂಡು ತಿರುಗುವುದಿಲ್ಲ. ಅಂಗೈ ಮೇಲೆ ಕಾಳು ಹರಡಿ ಫೋಟೋ ಹೊಡೆದರೆ ಮುಗಿಯಿತು. ಆ ಫೋಟೋಗಳು ತಾವಾಗಿಯೇ ಎಲ್ಲರಿಗೂ ಕಾಣಲಿ ಎಂದು, ಮೊಬೈಲ್ ಅಂಗಡಿಯವನಿಗೆ ಹೇಳಿ ಗಿರಣಿಯ ಒಂದೇ ಈಮೇಲನ್ನು ನನ್ನ ಫೋನಿಗೆ, ಹನುಮಂತಪ್ಪನ ಫೋನಿಗೆ, ಗುಮಾಸ್ತನ ಕಂಪ್ಯೂಟರಿಗೆ ಹಾಕಿಸಿದ್ದೆ. ಮನೆಗೊಂದು ರೇಷನ್ ಕಾರ್ಡು ಇದ್ದ ಹಾಗೆ ಗಿರಣಿಗೊಂದು ಈಮೇಲು ಸಾಕು ಎಂದು ಜಾಣತನ ತೋರಿಸಿದವನು ನಾನೇ. ನನ್ನ ಫೋನಿನಲ್ಲಿ ತೆಗೆದ ಯಾವ ಫೋಟೋ ಆದರೂ ಮೂರೂ ಕಡೆ ಹೋಗುತ್ತದೆಂಬುದು ನನಗೂ ಹೊಳೆಯಲಿಲ್ಲ, ವಿದ್ಯಾಳಿಗೂ ಗೊತ್ತಿರಲಿಲ್ಲ. ಸೋನಾ ಮಸೂರಿ, ಸೋನಾ ಮಸೂರಿ, ನನ್ನ ಹೊಟ್ಟೆ, ಮತ್ತೆ ಸೋನಾ ಮಸೂರಿ. ಗುಮಾಸ್ತನ ಕಂಪ್ಯೂಟರಿನ ಪರದೆ ದೊಡ್ಡದು. ಹಮಾಲರು ಚಹಾ ಕುಡಿಯಲು ನಿಲ್ಲುವುದು ಅದರ ಎದುರಿಗೇ.

"ತಪ್ಪಿ ಬಂದಾವ" ಎಂದು ಹನುಮಂತಪ್ಪನ ಫೋನಿಟ್ಟೆ. ಹೊಟ್ಟೆಯ ಫೋಟೋ ಒಂದನ್ನೂ ಬಿಡದೆ ಅಳಿಸಿದೆ. 'ಅಪ್ಪಾಜಿ' ಫೋಲ್ಡರನ್ನೂ ಇಡಿಯಾಗಿ ಅಳಿಸಿದೆ. ನನ್ನ ಫೋನಿನಿಂದ ಹೋದರೂ ವಿದ್ಯಾಳ ಹತ್ತಿರ ರಿಪೋರ್ಟು ಇದ್ದೇ ಇರುತ್ತವಲ್ಲ ಎಂದುಕೊಂಡೆ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆಂದು ನನಗೇನು ಗೊತ್ತು?

ವಿದ್ಯಾ ಮರುದಿನವೇ ಕೇಳಿದಳು. "ಯಪ್ಪಾ, ಆ ಫೋಲ್ಡರ ಕಾಣವಲ್ದಲ್ಲ?"

ಗಿರಿಜಾಳ ಫೋನಿನಲ್ಲಿ ಮಾತಾಡುತ್ತಿದ್ದೆ. "ನನ್ನ ಫೋನು ಕೆಟ್ಟದವ್ವಾ. ರಿಪೇರಿಗೆ ಕೊಟ್ಟೀನಿ" ಎಂದೆ. ಫೋನು ನನ್ನ ಜುಬ್ಬಾದ ಜೇಬಿನಲ್ಲೇ ಇತ್ತು. ಅಂದಿನಿಂದ ಫೋಟೋ ತೆಗೆಯುವುದಿರಲಿ, ಚೀಲ ಬದಲಿಸುವಾಗ ಅದರ ಕಡೆ ನೋಡುವುದನ್ನೇ ಬಿಟ್ಟೆ. ಪಕ್ಕದಲ್ಲಿ ಏನೋ ಊದಿದ ಹಾಗೆ ಕೈಗೆ ತಗಲುತ್ತಿತ್ತು. ಹೇಳಿದರೆ ತೋರಿಸಬೇಕು. ತೋರಿಸಿದರೆ ಮತ್ತೆ ಫೋಟೋ. ಅಂಗಿ ಕೆಳಗೆಳೆದುಕೊಂಡೆ.

ಒಂದು ಭಾನುವಾರ ಚೀಲ ಖಾಲಿಯೇ ಉಳಿಯಿತು. ಹೊಟ್ಟೆ ಬಿಗಿಯಿತು. ಮಧ್ಯಾಹ್ನದ ಹೊತ್ತಿಗೆ ವಾಂತಿ, ತಿರುಚಿದಂಥ ನೋವು. ಗಿರಿಜಾ ನನ್ನ ಮಾತಿಗೆ ಕಾಯದೆ ಅಂಗಿ ಎತ್ತಿದಳು.

ಅದು ಕಪ್ಪಾಗಿತ್ತು.

ಸಿಕ್ಕ ಕಾರಿನಲ್ಲಿ ಹಾಕಿಕೊಂಡು ರಾಯಚೂರಿಗೆ ಓಡಿದರು. ಅವಸರದಲ್ಲಿ ರಿಪೋರ್ಟಿನ ಫೈಲು ಬೀಗ ಹಾಕಿದ ಮಾನ್ವಿಯ ಮನೆಯ ಕಪಾಟಿನಲ್ಲೇ ಉಳಿಯಿತು. ಆಸ್ಪತ್ರೆಯ ಬಾಗಿಲಲ್ಲಿ ವಿದ್ಯಾ ನಿಂತಿದ್ದಳು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದವರೇ ಗಡಿಬಿಡಿ ಮಾಡಿದರು. ಸ್ಟೋಮಾದ ಪಕ್ಕ ಹರ್ನಿಯಾ ಆಗಿ ಕರುಳು ಸಿಕ್ಕಿಬಿದ್ದಿದೆ, ಈಗಲೇ ಆಪರೇಷನ್ ಮಾಡಬೇಕು.

"ಹೈದರಾಬಾದಿನ್ಯಾಗ ಎಷ್ಟು ಕರುಳು ತೆಗದಾರ? ಯಾವ ಇಂಜೆಕ್ಷನ್ನರ ಆಗಿಬರಲಿಲ್ಲ ಅಂತ ಹೇಳಿದ್ರೇನು?"

ಆಗಿಬರದ ಇಂಜೆಕ್ಷನ್ ಒಂದಿತ್ತು. ಅದನ್ನು ಕೊಟ್ಟಾಗ ನನಗೆ ಉಸಿರು ಕಟ್ಟಿ, ನಾಲ್ಕು ಮಂದಿ ಹಾಸಿಗೆಯ ಸುತ್ತ ಓಡಾಡಿದ್ದು ಗಿರಿಜಾಳಿಗೆ ನೆನಪಿತ್ತು. ಹೆಸರು ಯಾರಿಗೂ ನೆನಪಿರಲಿಲ್ಲ. ಹೈದರಾಬಾದಿಗೆ ಫೋನು ಹಚ್ಚಿದರೆ, ರಜೆ, ನಾಳೆ ಮಾಡಿ ಎಂದರು. ಮಾನ್ವಿಯಿಂದ ಫೈಲು ತರಿಸುವಷ್ಟು ಹೊತ್ತು ಇಲ್ಲ ಎಂದರು ಡಾಕ್ಟರು.

ವಿದ್ಯಾ ತನ್ನ ಫೋನು ತೆಗೆದಳು. ಫೋಲ್ಡರು ಈಗಲೂ ಇರಲಿಲ್ಲ.

"ಯಪ್ಪಾ, ಫೋನು ರಿಪೇರಿಯಿಂದ ಬಂತೇನು?"

ಗಿರಿಜಾ ನನ್ನ ಜೇಬಿಗೆ ಕೈ ಹಾಕಿ ಫೋನು ತೆಗೆದು ಮಗಳಿಗೆ ಕೊಟ್ಟಳು. ನಾನು ಗೋಡೆ ಕಡೆ ಮುಖ ಮಾಡಿದೆ. "ನಾನ ಅಳಿಸೀನವ್ವಾ. ಎಲ್ಲಾನೂ ಅಳಿಸೀನಿ" ಎಂದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಯ್ಯದೆ ಏನನ್ನೋ ಒತ್ತುತ್ತಾ ಹೋದಳು. ಅಳಿಸಿದ್ದು ಕೆಲವು ದಿನ ಕಸದ ಬುಟ್ಟಿಯಲ್ಲಿ ಬಿದ್ದಿರುತ್ತದಂತೆ. ಆ ದಿನಗಳು ಇನ್ನೂ ಮುಗಿದಿರಲಿಲ್ಲ.

"ಬಂದ್ವು."

ಡಿಸ್ಚಾರ್ಜ್ ಸಮ್ಮರಿಯ ತಲೆಯಲ್ಲೇ ದಪ್ಪ ಅಕ್ಷರದಲ್ಲಿ ಇಂಜೆಕ್ಷನ್ನಿನ ಹೆಸರಿತ್ತು. ಡಾಕ್ಟರು ಅದನ್ನು ಓದಿ ಅರಿವಳಿಕೆಯವರಿಗೆ ಕೂಗಿ ಹೇಳಿದರು. ಆಮೇಲೆ ಫೋಟೋಗಳು. ನನ್ನ ಮಗಳ ಭುಜದ ಮೇಲಿಂದ ಡಾಕ್ಟರು, ಇಬ್ಬರು ನರ್ಸುಗಳು, ಇನ್ನೂ ಮೀಸೆ ಮೂಡದ ಡ್ಯೂಟಿ ಡಾಕ್ಟರು ಬಗ್ಗಿ ನೋಡಿದರು.

"ಇಲ್ಲಿ ಸಪಾಟ ಅದ ನೋಡ್ರಿ." ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. "ಇಲ್ಲಿಂದ ಬಾಜೂಕ ಉಬ್ಬು ಸುರುವಾಗ್ಯದ. ಫೋಟೋ ಯಾಕ ನಿಲ್ಸಿದ್ರಿ? ಮುಂದಿನವು ಯಾರರ ನೋಡಿದ್ರ ಇಷ್ಟಕ್ಕ ಬರ್ತಿರಲಿಲ್ಲ."

ನಾನು ಕಣ್ಣು ಮುಚ್ಚಿಕೊಂಡೆ. ಜೀವ ಹೋಗುವ ಹೊತ್ತಿನಲ್ಲೂ ನನಗೆ ಆದದ್ದು ನೋವಿಗಿಂತ ನಾಚಿಕೆಯೇ. ಮಗಳೆದುರು ಮೈ ಬಿಚ್ಚಿ ಮಲಗಿದ ನಾಚಿಕೆ. ಅದಕ್ಕಿಂತ ಹೆಚ್ಚಾಗಿ, ಈ ನಾಚಿಕೆಯ ಸಲುವಾಗಿ ಹೆಂಡತಿಯನ್ನು ವಿಧವೆ ಮಾಡಲು ಹೊರಟಿದ್ದೆನಲ್ಲ ಎಂಬ ನಾಚಿಕೆ.

ಆಪರೇಷನ್ ಆಯಿತು. ಕೆಟ್ಟ ಕರುಳನ್ನು ಕತ್ತರಿಸಿ ಹೊಸ ಸ್ಟೋಮಾ ಮಾಡಿದರು. ವಾರ್ಡಿಗೆ ಬಂದ ಮೇಲೆ ಒಂದು ಬೆಳಿಗ್ಗೆ ವಿದ್ಯಾ ಪಕ್ಕದಲ್ಲಿ ಕೂತು ಎಳನೀರು ಬಗ್ಗಿಸುತ್ತಿದ್ದಳು. ಅವಳ ಮುಖ ನೋಡದೆ ಹೇಳಿದೆ.

"ಅವನ್ನ ನೀ ನೋಡಬಾರದಿತ್ತವ್ವಾ."

"ಯಾವ್ವು? ಫೋಟೋನಾ?" ಅವಳು ಲೋಟ ಕೆಳಗಿಟ್ಟಳು. "ದಿನಾ ನೋಡ್ತಿದ್ದೆ ಯಪ್ಪಾ. ಯರಗೇರಾ ಬಸ್ಸಿನ್ಯಾಗ ಕುಂತ ಕೂಡ್ಲೆ ಅದನ್ನ ತೆಗೀತಿದ್ದೆ. ಕೆಂಪಗ ಅದ ಅಂದ್ರ ನಮ್ಮಪ್ಪ ಆರಾಮ ಅದಾನ ಅಂತ ಫೋನು ಪರ್ಸಿನ್ಯಾಗ ಇಡ್ತಿದ್ದೆ. ಖಾಲಿ ಆದ ದಿನದಿಂದ ಹುಡುಗುರಿಗೆ ಏನು ಪಾಠ ಹೇಳೀನೋ ನನಗ ಗೊತ್ತಿಲ್ಲ."

ನನಗೆ ಅಳು ಬಂತು. ಹೊಲಿಗೆ ಎಳೆಯುತ್ತದೆ ಅಳಬ್ಯಾಡ ಎಂದು ಅವಳೂ ಅತ್ತಳು.

ಈಗ ಮನೆಯಲ್ಲಿದ್ದೇನೆ. ಮುಂದಿನ ಸ್ಕ್ಯಾನಿನಲ್ಲಿ ಏನು ಬರುತ್ತದೋ ಶಿವನಿಗೇ ಗೊತ್ತು. ಗಿರಣಿಯ ಈಮೇಲು ಗಿರಣಿಗೆ, ನನ್ನದು ನನಗೆ ಎಂದು ವಿದ್ಯಾ ಬೇರೆ ಮಾಡಿಕೊಟ್ಟಿದ್ದಾಳೆ. ಫೋಲ್ಡರು ಈಗ ಅವಳಿಗೆ, ಗಿರಿಜಾಳಿಗೆ, ಎರಡೂ ಊರಿನ ಡಾಕ್ಟರಿಗೆ ಕಾಣುತ್ತದೆ. ರಾಯಚೂರಿನವರು ಹಾಕಿದ ಟಿಪ್ಪಣಿಯನ್ನು ಹೈದರಾಬಾದಿನವರು ಅಲ್ಲಿಂದಲೇ ಓದಿ ಮಾತ್ರೆ ಬದಲಿಸುತ್ತಾರೆ, ಕಾಗದ ಹೊತ್ತು ಬಸ್ಸು ಹತ್ತುವ ಕೆಲಸ ತಪ್ಪಿದೆ. ನಾಚಿಕೆ ಹೋಗಿದೆ ಎಂದು ಸುಳ್ಳು ಹೇಳಲಾರೆ. ಗಿರಣಿಗೆ ಹೋದರೆ ಹಮಾಲರ ಕಣ್ಣು ನನ್ನ ಹೊಟ್ಟೆಯ ಮೇಲೇ ಇದೆ ಅನ್ನಿಸುತ್ತದೆ.

ಮೊನ್ನೆ ಬೆಳಿಗ್ಗೆ ರಾಯಚೂರಿನಿಂದ ಬಂದ ಬೀಗರ ಜೊತೆ ಪಡಸಾಲೆಯಲ್ಲಿ ಮಾತಾಡುತ್ತಾ ಕೂತುಬಿಟ್ಟಿದ್ದೆ. ಫೋನು ಹೊಡೆದುಕೊಂಡಿತು. ವಿದ್ಯಾ.

"ಯಪ್ಪಾ, ಬಸ್ಸು ಬಿಡಾಕತ್ತದ. ಫೋಟೋ ಇನ್ನಾ ಬಂದಿಲ್ಲಲ್ಲ?"

"ತಡಿಯವ್ವಾ, ಈಗ ಹಾಕ್ತೀನಿ" ಎಂದೆ. ಬೀಗರ ಎದುರಿಗೇ ಅಂಗಿ ಎತ್ತಿದೆ.