ಜೀಪಿನ ಒಳಚಿಲಕ

ಜೀಪು ತಂದ ದಿನ ನಮ್ಮವ್ವ ಅದರ ಸುತ್ತ ಒಂದು ಸುತ್ತು ಹಾಕಿದಳು, ಮುಂದಿನ ಬಂಪರಿಗೆ ಸುತ್ತಿದ್ದ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು, "ಮಾಡಾಕ ಕೆಲಸಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದ್ನಂತ" ಎಂದು ಒಳಗೆ ಹೋದಳು.

ನಾನು ಮಸ್ಕಿಯ ದನದ ಆಸ್ಪತ್ರೆಯಲ್ಲಿ ನೌಕರಿ ಮಾಡುವವನು. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೆ ನಮ್ಮ ಕಡೆ ಹಳ್ಳಿಗಳಲ್ಲಿ ಎಮ್ಮೆಗೆ ಸೂಜಿ ಚುಚ್ಚುವವರೆಲ್ಲ ಡಾಕ್ಟರೇ. ಓಡಾಡಲು ಬೈಕು ಇತ್ತು, ಸಂಸಾರ ಕಟ್ಟಿಕೊಂಡು ಹೋಗಲು ಬಸ್ಸುಗಳಿದ್ದವು. ಹಾಗಿದ್ದೂ ಸಿಂಧನೂರಿನ ಅಕ್ಕಿ ಗಿರಣಿಯವರೊಬ್ಬರು ಮೂಲೆಗೆ ತಳ್ಳಿದ್ದ, ನಾಲ್ಕೂ ಗಾಲಿಗೆ ಎಳೆತವಿರುವ ಹಳೇ ಡೀಸೆಲ್ ಜೀಪು ನಿನಗ್ಯಾಕೆ ಎಂದು ಕೇಳಿದವರಿಗೆಲ್ಲ ನಾನು ಸಿಡುಕಿಯೇ ಉತ್ತರ ಕೊಟ್ಟಿದ್ದೇನೆ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಅದಕ್ಕೆ ನಮ್ಮ ಮನೆಯಲ್ಲಿ ಯಾರೂ ಕಿಮ್ಮತ್ತು ಕೊಡುವುದಿಲ್ಲ.

ನಿಜವಾದ ಕಾರಣ ಹೇಳಲು ನಾಚಿಕೆಯಾಗುತ್ತಿತ್ತು. ನನಗೆ ಬಯಲಲ್ಲಿ ಮಲಗುವ ಹುಚ್ಚು. ಅದು ಚಿಕ್ಕಂದಿನದು. ನಮ್ಮೂರು ಗುರುಗುಂಟಾದ ಮಗ್ಗುಲಲ್ಲಿದೆ, ಮಳೆ ನಂಬಿದ ಒಣಭೂಮಿ. ನಾನು ಆರೇಳು ವರ್ಷದವನಿದ್ದಾಗ ಅಪ್ಪ ದನ ನೋಡಿಕೊಂಡು ಊರಲ್ಲೇ ಉಳಿಯುತ್ತಿದ್ದ. ಅವ್ವ ಮತ್ತು ಅವಳ ತಂಗಿ, ನನ್ನ ಚಿಕ್ಕವ್ವ, ನನ್ನನ್ನು ಕರೆದುಕೊಂಡು ನೆಲ್ಲಿನ ನಾಟಿಗೆ ಕಾಲುವೆ ಸೀಮೆಗೆ, ದಢೇಸುಗೂರಿಗೆ ಹೋಗುತ್ತಿದ್ದರು. ವಾರಗಟ್ಟಲೆ ಕಾಲುವೆ ದಂಡೆಯ ಮೇಲೆಯೇ ನಮ್ಮ ಬಿಡಾರ. ಕೆಳಗೆ ಗೋಣಿಚೀಲ, ಮೇಲೆ ಚುಕ್ಕಿ, ಪಕ್ಕದಲ್ಲಿ ಕಾಲುವೆಯ ನೀರು ಹೋಗುವ ಸಪ್ಪಳ, ಗದ್ದೆಯ ತುಂಬ ಕಪ್ಪೆಗಳ ಗದ್ದಲ. ಆ ಕಡೆ ಅವ್ವ, ಈ ಕಡೆ ಚಿಕ್ಕವ್ವ, ನಡುವೆ ನಾನು. ನನ್ನ ಜೀವಮಾನದ ಒಳ್ಳೇ ನಿದ್ದೆಗಳೆಲ್ಲ ಅಲ್ಲಿಯೇ ಮುಗಿದುಹೋದವು. ಆಮೇಲೆ ಹಾಸ್ಟೆಲು, ನೌಕರಿ, ಆರ್‌ಸಿಸಿ ಮನೆ, ಫ್ಯಾನು, ಎಲ್ಲ ಬಂದವು. ಅಂಥ ನಿದ್ದೆ ಮಾತ್ರ ಬರಲಿಲ್ಲ.

ಮೊಬೈಲಿನಲ್ಲಿ ಜನ ಹಳೇ ಜೀಪುಗಳನ್ನು ತಿದ್ದಿ, ರಸ್ತೆಯೇ ಇಲ್ಲದ ಕಡೆ ನುಗ್ಗಿಸಿ, ಅಲ್ಲೇ ಒಲೆ ಹಚ್ಚಿ ಮಲಗುವುದನ್ನು ನೋಡಿದಾಗ ನನಗೆ ದಾರಿ ಕಂಡಿತು. ಅವ್ವನಿಗೆ ಎಪ್ಪತ್ತು ದಾಟಿದೆ. ಮೊಣಕಾಲು ಹಿಡಿದಿವೆ, ನೆಲದ ಮೇಲೆ ಮಲಗಿದರೆ ಏಳಲಾರಳು. ಜೀಪಿನೊಳಗೆ ಮಂಚ ಮಾಡಿಸಿದರೆ ಅವಳನ್ನೂ ಕರೆದುಕೊಂಡು ಹೋಗಬಹುದು. ಒಂದೇ ಒಂದು ರಾತ್ರಿ ಅವಳ ಜೊತೆ ಮತ್ತೆ ಬಯಲಲ್ಲಿ ಕಳೆಯಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ಜೀಪು ತಿದ್ದಿದವನು ಸಿಂಧನೂರಿನ ಒಬ್ಬ ಮಿಸ್ತ್ರಿ. ಅವನ ಅಂಗಳದಲ್ಲಿ ಯಾವಾಗಲೂ ನಾಲ್ಕೈದು ಟ್ರ್ಯಾಕ್ಟರುಗಳ ಹೊಟ್ಟೆ ಬಿಚ್ಚಿರುತ್ತದೆ. ನನ್ನ ಮೊಬೈಲಿನ ವಿಡಿಯೋವನ್ನು ಅವನು ಪೂರ್ತಿ ನೋಡಿದ. ಅದರಲ್ಲಿದ್ದಂಥ ಅಗಲ ಟೈರು ಬೇಕೆಂದು ನಾನು ಹಟ ಹಿಡಿದೆ.

"ಸರ, ಇವ್ರು ಉಸುಕಿನ್ಯಾಗ ಓಡಸಾಕತ್ತಾರ. ನಮ್ಮದು ಎರಿ ಹೊಲ. ಇಷ್ಟು ಅಗಲ ಟೈರ್ ಹಾಕಿದ್ರ ಎರಿಮಣ್ಣು ರೊಟ್ಟಿ ಬಡದಂಗ ಮಡ್‌ಗಾರ್ಡಿಗೆ ಬಡ್ಕೊಂತೈತಿ. ಗಾಲಿನ ತಿರಗಂಗಿಲ್ಲ" ಎಂದ.

"ನಾ ಹೇಳಿದ್ದು ಹಾಕಪಾ ನೀ" ಎಂದು ನಾನು ಏರುದನಿ ಮಾಡಿದೆ.

"ಹಾಕ್ತೀನ್ರಿ. ಆಮ್ಯಾಲೆ ಸಿಕ್ಕೊಂಡು ಫೋನ್ ಮಾಡಿದ್ರ ಎಳಿಯಾಕ ಮಾತ್ರ ನಾ ಬರಂಗಿಲ್ಲ."

ಸಣ್ಣ ಟೈರೇ ಬಂದವು. ಸಣ್ಣವಾದರೂ ಆಳ ಹಲ್ಲಿನವು. ಕಮಾನುಪಟ್ಟಿಗೆ ಒಂದೊಂದು ಪಟ್ಟಿ ಸೇರಿಸಿ ಜೀಪನ್ನು ನಾಲ್ಕು ಬೆರಳು ಎತ್ತರಿಸಿದ. ಕಡಿದಾದ ಏರು ಹತ್ತಿಸುವ, ಜಾಮ್ ಆಗಿದ್ದ ಚಿಕ್ಕ ಗೇರನ್ನು ಬಿಚ್ಚಿ, ತೊಳೆದು, ಕೂಡಿಸಿದ. ಮೇಲೆ ಕ್ಯಾರಿಯರ್, ಮಗ್ಗುಲಿಗೆ ನೆರಳಿಗೊಂದು ತಾಡಪಾಲು. ಕ್ಯಾರಿಯರಿನ ಉದ್ದಕ್ಕೆ ಒಂದು ದಪ್ಪ ಪೈಪು ಕಟ್ಟಿ, ಕರಿ ಬಣ್ಣ ಹೊಡೆದು, ನಲ್ಲಿ ಕೂಡಿಸಿದ. ಅದರಲ್ಲಿ ನೀರು ತುಂಬಿದರೆ ಬಿಸಿಲಿಗೆ ತಾನೇ ಕಾಯುತ್ತದೆ. ಹಿಂದೆ ಕಬ್ಬಿಣದ ಆ್ಯಂಗಲ್ ಮೇಲೆ ಪ್ಲೈವುಡ್ ಹಾಸಿ ಮಂಚ, ಮಂಚದ ಕೆಳಗೆ ಸಾಮಾನಿನ ಡಬ್ಬಿಗಳು. ಮೂರು ತಿಂಗಳು ನನ್ನ ರವಿವಾರಗಳೆಲ್ಲ ಸಿಂಧನೂರಿನ ಪಾಲಾದವು. ನನ್ನ ಹೆಂಡತಿ, "ಆ ಜೀಪಿನ್ನ ಲಗ್ನ ಮಾಡ್ಕೋಬೇಕಿತ್ತು ನೀವು" ಎಂದು ಒಂದು ದಿನ ಹೇಳಿಯೂ ಹೇಳಿದಳು.

ಕಣ್ಣು ತೋರಿಸಲು ಅವ್ವನನ್ನು ಸಿಂಧನೂರಿಗೆ ಕರೆದುಕೊಂಡು ಹೋದ ದಿನ ಜೀಪನ್ನೂ ತೋರಿಸಿದೆ. ಮಿಸ್ತ್ರಿ ಅವಳ ಸಲುವಾಗಿಯೇ ಹಿಂದಿನ ಬಾಗಿಲಿಗೆ ಎರಡು ಮೆಟ್ಟಿಲು ಬೆಸೆದಿದ್ದ. ಅವಳು ನಿಧಾನವಾಗಿ ಹತ್ತಿ, ಮಂಚದ ಮೇಲೆ ಕೂತು, ಗಾದಿ ಒತ್ತಿ ನೋಡಿದಳು. ಆಮೇಲೆ ಬಾಗಿಲಿನ ಒಳಮೈ ಮೇಲೆ ಅಂಗೈ ಆಡಿಸಿದಳು.

"ಇದಕ್ಕ ಒಳಗಿಂದ ಚಿಲಕ ಎಲ್ಲೈತಪ್ಪಾ?"

"ಇಲ್ರೀ ಅಮ್ಮಾ. ಮೊದಲ ಇದರಾಗ ಅಕ್ಕಿಚೀಲ ಹಾಕ್ತಿದ್ರು. ಚೀಲ ಎಲ್ಲೆರ ಚಿಲಕ ಹಾಕ್ಕೊಂತಾವ್ರಿ?" ಎಂದು ಮಿಸ್ತ್ರಿ ನಕ್ಕ.

ನಾನು ಅವನಿಗಿಂತ ಜೋರಾಗಿ ನಕ್ಕೆ. "ನಾ ಹೊರಗ ಮಕ್ಕೊಂಡಿರ್ತೀನಲ್ಲಬೇ. ನಿನ್ನ ಯಾರ ಬರ್ತಾರ ಕದಿಯಾಕ?"

ಅವಳು ನಗಲಿಲ್ಲ. ನನ್ನ ಭುಜ ಹಿಡಿದು ಇಳಿದಳು. ನಾನು ಅದನ್ನು ಅಲ್ಲಿಯೇ ಮರೆತೆ.

ಒಂದು ಶನಿವಾರ ಹೋಗುವುದೆಂದು ಗೊತ್ತುಮಾಡಿದೆ. ಮಕ್ಕಳಿಗೆ ಪರೀಕ್ಷೆ, ಹಾಗಾಗಿ ಹೆಂಡತಿ ಮನೆಯಲ್ಲಿ. ನಾನು ಮತ್ತು ಅವ್ವ ಇಬ್ಬರೇ. ಹೆಂಡತಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ಜೀಪು ಬಾಗಿಲ ಮುಂದೆ ನಿಂತಿತ್ತು. ಅವ್ವ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಕೂತವಳು ಏಳಲೇ ಇಲ್ಲ.

"ನಾ ಬರಂಗಿಲ್ಲಪ್ಪಾ. ನೀ ಹೋಗಿ ಬಾ."

ಕಾಲು ನೋವೇ ಎಂದು ಕೇಳಿದೆ. ಅಲ್ಲ. ಚಳಿಗೆ ಹೆದರಿಕೆಯೇ? ಅಲ್ಲ. "ಬಯಲಿನ ಸುದ್ದಿ ಸಾಕಾಗೈತಿ ನನಗ" ಎಂದಳಷ್ಟೇ. ನನಗೆ ತಲೆ ಕೆಟ್ಟುಹೋಯಿತು. ಮೂರು ತಿಂಗಳಿಂದ ಯಾರ ಸಲುವಾಗಿ ಒದ್ದಾಡಿದೆ, ಆ ಮೆಟ್ಟಿಲು ಯಾರಿಗೆ, ಆ ಮಂಚ ಯಾರಿಗೆ ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಕೊನೆಗೆ, "ದಢೇಸುಗೂರಾಗ ಕಾಲುವಿ ಮ್ಯಾಲ ಹೆಂಗ ಮಕ್ಕೊಂತಿದ್ದಿವಿ, ಮರತೇನು? ಎಷ್ಟ ಆರಾಮ ಇದ್ದಿವಿ" ಎಂದೆ.

ಅವ್ವ ನನ್ನ ಮುಖ ನೋಡಿದಳು.

"ನೀ ಮಕ್ಕೊಂಡಿಲೇ ತಮ್ಮಾ. ನಾವೆಲ್ಲಿ ಮಕ್ಕೊಂಡೀವಿ?"

ಅವಳು ತನ್ನ ಸೆರಗಿನ ತುದಿಯನ್ನು ಕೈಗೆ ತೆಗೆದುಕೊಂಡಳು.

"ನನ್ನ ಸೆರಗಿಗೂ ನಿಮ್ಮ ಚಿಕ್ಕವ್ವನ ಸೆರಗಿಗೂ ಗಂಟು ಹಾಕ್ತಿದ್ದಿವಿ. ನೆನಪೈತೇನು?"

ನೆನಪಿತ್ತು. ಆ ಗಂಟು ಸರಿಯಾಗಿ ನನ್ನ ಹೊಟ್ಟೆಯ ಮೇಲೆ ಬರುತ್ತಿತ್ತು. ನಿದ್ದೆ ಬರುವ ತನಕ ಅದನ್ನು ಹಿಡಿದು ಆಡುತ್ತಿದ್ದೆ. ನಾನು ಉರುಳಿ ಕಾಲುವೆಗೆ ಬೀಳಬಾರದೆಂದು ಹಾಕುತ್ತಾರೆ ಅಂದುಕೊಂಡಿದ್ದೆ. ನನ್ನ ಮಕ್ಕಳಿಗೂ ಹಾಗೆಯೇ ಹೇಳಿದ್ದೇನೆ, ಮುದ್ದಿನ ಕತೆಯ ಹಾಗೆ.

"ರಾತ್ರ್ಯಾಗ ಯಾರರ ಬಂದು ಒಬ್ಬಾಕಿನ್ನ ಎಳದ್ರ ಇನ್ನೊಬ್ಬಾಕಿಗೆ ಎಚ್ಚರ ಆಗಬೇಕು. ಅದಕ್ಕ ಹಾಕ್ತಿದ್ದಿವಿ ಆ ಗಂಟು. ತಲಿ ಬುಡಕ ಕುಡಗೋಲು. ಆಕಿ ಒಂದ ತಾಸು ಕಣ್ಣು ಮುಚ್ಚಿದ್ರ ನಾ ಕೂಡ್ತಿದ್ದೆ, ನಾ ಮುಚ್ಚಿದ್ರ ಆಕಿ. ಬೆಳಗ ಆದ್ರ ಮತ್ತ ಕೆಸರಿಗೆ ಇಳೀಬೇಕು." ಅವಳ ದನಿ ಏರಲಿಲ್ಲ, ಸಂತೆಯ ಸುದ್ದಿ ಹೇಳುವಷ್ಟೇ ಇತ್ತು. "ಆಗ ನನಗ ಇದ್ದದ್ದು ಒಂದ ಆಸಿ. ಮನಿ ಬ್ಯಾಡ, ಬಂಗಾರ ಬ್ಯಾಡ. ಒಂದು ಬಾಗಲ ಇರಬೇಕು, ಅದಕ್ಕ ಒಳಗಿಂದ ಚಿಲಕ ಇರಬೇಕು. ನೀ ಈ ಮನಿ ಕಟ್ಟಿದ ಮ್ಯಾಲ ಸಿಕ್ಕೈತಿ. ಈಗ ಮತ್ತ ಹೊರಗ ಬಾ ಅಂತೀದಿ."

ಹೆಂಡತಿ ರೊಟ್ಟಿಯ ಗಂಟನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಂದಾದರೂ ಯಾರಾದರೂ ಎಳೆದಿದ್ದರೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಇಂದಿಗೂ ಕೇಳಿಲ್ಲ. ನನ್ನ ಆ ಚಂದದ ನಿದ್ದೆಯನ್ನು ಇಬ್ಬರು ಹೆಂಗಸರು ಎಚ್ಚರವಿದ್ದು ನನಗೆ ಕೊಟ್ಟಿದ್ದರು. ನಾನು ನಲವತ್ತು ವರ್ಷ ಅದನ್ನು ಚುಕ್ಕಿಗಳ ಲೆಕ್ಕಕ್ಕೆ ಹಾಕಿಕೊಂಡು ಓಡಾಡಿದ್ದೆ.

ಮರುದಿನ ಜೀಪು ತೆಗೆದುಕೊಂಡು ಸಿಂಧನೂರಿಗೆ ಹೋದೆ. "ಮಿಸ್ತ್ರಿ, ಹಿಂದಿನ ಬಾಗಲಕ್ಕ ಒಳಚಿಲಕ ಬೇಕು" ಎಂದೆ. ಯಾಕೆ ಎಂದು ಹೇಳಲಿಲ್ಲ. ಅವನು ಈ ಸಲ ನಗಲಿಲ್ಲ, ನನ್ನ ಮುಖ ನೋಡಿಯೇ ತಿಳಿದುಕೊಂಡನೋ ಏನೋ.

"ಎಂಥಾದ್ದು ಹಾಕ್ಲಿ ಸರ?"

"ಗಟ್ಟಿದು."

ಟ್ರೇಲರಿನ ಹಳೇ ಪಿನ್ನಿನಿಂದ ಹೆಬ್ಬೆರಳು ದಪ್ಪದ ಎರಡು ಸಲಾಕೆ ಕೊಯ್ದು, ಬಾಗಿಲಿನ ಮೇಲೊಂದು ಕೆಳಗೊಂದು ಕೂಡಿಸಿದ. ಮುದುಕಿಯ ಬೆರಳಿಗೂ ಸರಿದಾಡುವಂತೆ ಉಜ್ಜಿ ಗ್ರೀಸು ಹಚ್ಚಿದ. ಕಿಟಕಿಗಳಿಗೆ ಜಾಳಿಗೆ ಹಾಕಿದ, ಗಾಳಿ ಬೇಕಲ್ಲ. ಮುಂದಿನ ಎರಡು ಬಾಗಿಲುಗಳಿಗೆ ಹೊಸ ಕೀಲಿ ಕೂಡಿಸಿದ.

"ಅಮ್ಮಾಗ ಒಳಗ ಆರಾಮ ತಪ್ಪಿದ್ರ ಅಂತೀನಿ. ಹೊರಗಿಂದನೂ ತೆಗಿಯಾಕ ಬರೂವಂಗ ಮಾಡ್ಲೇನ್ರಿ?"

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಎರಡೂ ಸಲಾಕೆಗಳನ್ನು ಒಮ್ಮೆ ಸರಿಸಿ ನೋಡಿದೆ. "ಬ್ಯಾಡ" ಎಂದೆ.

ಮಸ್ಕಿಗೆ ಬಂದು ಅವ್ವನಿಗೆ ಏನೂ ಹೇಳದೆ ಬಾಗಿಲು ತೆರೆದು ತೋರಿಸಿದೆ. ಅವಳು ಹತ್ತಿದಳು, ಬಾಗಿಲು ಎಳೆದುಕೊಂಡಳು. ಒಳಗೆ ಎರಡು ಸಲಾಕೆ ಸರಿದ ಸಪ್ಪಳ ಕೇಳಿತು.

"ಜಗ್ಗು" ಎಂದಳು ಒಳಗಿಂದ.

ನಾನು ಹಿಡಿಕೆ ಹಿಡಿದು ಎಳೆದೆ.

"ಅದೇನಲೇ, ಉಂಡಿಲ್ಲೇನು? ಜೋರ ಜಗ್ಗು."

ಎರಡೂ ಕೈಯಿಂದ, ಬಂಪರಿಗೆ ಕಾಲು ಕೊಟ್ಟು ಜಗ್ಗಿದೆ. ಜೀಪು ಅಲುಗಾಡಿತು, ಬಾಗಿಲು ಕೂದಲೆಳೆಯಷ್ಟೂ ಸರಿಯಲಿಲ್ಲ. ಓಣಿಯವರು ನಿಂತು ನೋಡುತ್ತಿದ್ದರು. ನಾನು ಯಾರ ಜಾಗದಲ್ಲಿ ನಿಂತು ಜಗ್ಗುತ್ತಿದ್ದೇನೆ ಎಂದು ಹೊಳೆದಾಗ ಹಿಡಿಕೆಯಿಂದ ಕೈ ತೆಗೆದೆ. ಅವಳು ಬಿಡಲಿಲ್ಲ, ಇನ್ನೊಮ್ಮೆ ಜಗ್ಗಿಸಿದಳು. ಆಮೇಲೆ ತಾನೇ ತೆರೆದು ಇಳಿದು, "ಬರೂ ಶನಿವಾರ ಹೋಗೂಣು" ಎಂದು ಒಳಗೆ ಹೋದಳು.

ಹೋದೆವು. ಲಿಂಗಸುಗೂರು ದಾಟಿ, ಗುರುಗುಂಟಾ ದಾಟಿ, ಡಾಂಬರು ಮುಗಿದ ಮೇಲೆ ದಾರಿ ತೋರಿಸಿದವಳು ಅವಳೇ. "ಎಡಕ್ಕ ಹೊಡಿ. ಬಲಕ್ಕ ಎರಿ ಐತಿ, ಹಸಿ ಆರಿಲ್ಲ, ಸಿಕ್ಕೊಂತೀದಿ." ಹಳ್ಳಕ್ಕಿಳಿದಾಗ ಚಿಕ್ಕ ಗೇರು ಹಾಕಿದೆ. ಜೀಪು ಗುಂಡುಗಲ್ಲುಗಳ ಮೇಲೆ ಒಂದೊಂದೇ ಗಾಲಿ ಎತ್ತಿಡುತ್ತ ಏರಿತು. ಅವ್ವ ಮುಂದಿನ ಹಿಡಿಕೆ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎತ್ತಿಗೆ ಹೇಳುವಂತೆ "ಹಾಂ, ಹಾಂ, ಹಂಗ" ಎನ್ನುತ್ತಿದ್ದಳು. ಗುಡ್ಡದ ಬುಡದಲ್ಲಿ ಅಗಲವಾದ ಹಾಸುಬಂಡೆ ಇದೆ, ಅಲ್ಲಿ ನಿಲ್ಲಿಸಿದೆವು. ಉಂಡ ಮೇಲೆ ಕರಿ ಪೈಪಿನ ನಲ್ಲಿಗೆ ಕೈ ಒಡ್ಡಿ, "ನೀರು ಕಾದಾವಲ್ಲೋ" ಎಂದಳು. ಮೂರು ತಿಂಗಳ ನನ್ನ ದುಡಿತಕ್ಕೆ ಸಿಕ್ಕ ಶಭಾಸ್‌ಗಿರಿ ಅದೊಂದೇ.

ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ಅವಳು ಹತ್ತಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಮಡಚುವ ಮಂಚದ ಮೇಲೆ ಕಂಬಳಿ ಹೊದ್ದು ಮಲಗಿದೆ. ಮಲಗಿದೆ ಎನ್ನುವುದು ಮಾತಿಗೆ. ನರಿ ಕೂಗಿದರೆ, ಎಲೆ ಅಲುಗಾಡಿದರೆ ಎದ್ದು ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ.

ಬೆಳಗಾಯಿತು. ನಮ್ಮವ್ವ ಕೋಳಿಗಿಂತ ಮೊದಲು ಏಳುವವಳು. ಮದುವೆ ಮನೆಯಲ್ಲಿ, ಆಸ್ಪತ್ರೆಯಲ್ಲಿ, ಅಪ್ಪ ಸತ್ತ ಮರುದಿನ ಕೂಡ ಕತ್ತಲಿದ್ದಾಗಲೇ ಎದ್ದವಳು. ನಾನು ಚಹಾ ಮಾಡಿಟ್ಟು ಕಾದೆ. ಬಿಸಿಲು ಗುಡ್ಡದ ನೆತ್ತಿಯಿಂದ ಬಂಡೆಗೆ ಇಳಿಯಿತು, ಚಹಾ ಆರಿತು. ಹೆದರಿಕೆಯಾಗಿ ಜಾಳಿಗೆಗೆ ಕಿವಿ ಹಚ್ಚಿದೆ. ಒಳಗಿಂದ ಗೊರಕೆ ಕೇಳಿತು. ಸಣ್ಣದಲ್ಲ, ದೊಡ್ಡ ಗೊರಕೆ. ನಾನು ಜೀಪಿನ ಗಾಲಿಗೆ ಒರಗಿ ಕೂತು ಅತ್ತೆ.

ಅಷ್ಟರಲ್ಲಿ ಕುರಿಗಾರನೊಬ್ಬ ಹಿಂಡು ಹೊಡೆದುಕೊಂಡು ಬಂದ. ನನ್ನ ಗುರುತು ಹಿಡಿದು, "ಡಾಕ್ಟ್ರು ಇಲ್ಲಿ?" ಎಂದು ದೂರದಿಂದಲೇ ಕೂಗಿದ. ನಾನು ಓಡಿ ಹೋಗಿ ಬಾಯಿ ಮೇಲೆ ಬೆರಳಿಟ್ಟು ತೋರಿಸಿದೆ.

"ಒಳಗ ಯಾರದಾರ್ರೀ?"

"ನಮ್ಮವ್ವ."

ಅವನು ಸೂರ್ಯನನ್ನು ನೋಡಿದ, ಮುಚ್ಚಿದ ಬಾಗಿಲನ್ನು ನೋಡಿದ. "ಇಷ್ಟೊತ್ತನಾ? ಹುಷಾರಿಲ್ಲೇನ್ರಿ ಅಮ್ಮಾಗ?"

"ಹುಷಾರ ಅದಾಳಪಾ. ನಿದ್ದಿ ಹತ್ತೈತಿ."

ಅವನು ಕೋಲು ಅಡ್ಡ ಹಿಡಿದು, ಬಾಯಿಂದ ಸಪ್ಪಳ ಮಾಡದೆ, ಇಡೀ ಹಿಂಡನ್ನು ಬಂಡೆಯ ಆಚೆಯಿಂದ ಸುತ್ತು ಹಾಕಿಸಿಕೊಂಡು ಹೋದ.